ಸೀಮೆಸುಣ್ಣದ ಎರಡು ಗೆರೆ

ವ್ಯಾನಿನಿಂದ ಎಂಜಿನ್ ತೆಗೆಯುವುದೆಂದರೆ ಎಂಜಿನ್ನನ್ನು ಮೇಲಕ್ಕೆತ್ತುವುದು ಎಂದೇ ಟೈಲರಮ್ಮ ತಿಳಿದಿದ್ದಳು. ಎಲ್ಲಿಯ ಮಾತು. ಎಂಜಿನ್ ಇದ್ದಲ್ಲೇ ಕುಳಿತಿತ್ತು, ವ್ಯಾನೇ ಮೇಲೆದ್ದು ಹೋಯಿತು.

ಕೆಲಸ ಅವಳ ತಮ್ಮನದು. ಮೆಕ್ಯಾನಿಕ್. ಅಕ್ಕನ ಮನೆಗೆ ಅಂಟಿಕೊಂಡ ಶೆಡ್ಡಿನ ತೊಲೆಗೆ ಚೈನು ಬಿಗಿದು, ಎಂಜಿನ್ನು ಗೇರ್‌ಬಾಕ್ಸು ಎರಡಕ್ಕೂ ಕೆಳಗಿನಿಂದ ಗಾಲಿ ಇರುವ ಹಲಗೆಯೊಂದನ್ನು ಆನಿಸಿ, ಬೋಲ್ಟುಗಳನ್ನೆಲ್ಲ ಬಿಚ್ಚಿ, ಚೈನು ಎಳೆಯತೊಡಗಿದ. ಕಿರ್ರನೆ ಸದ್ದು ಮಾಡುತ್ತ ವ್ಯಾನಿನ ಮೂತಿ ಏರಿತು. ಇಷ್ಟು ವರ್ಷ ಅವಳನ್ನು ಹೊತ್ತು ತಿರುಗಿದ್ದು ಮೈತುಂಬ ಎಣ್ಣೆ ಮೆತ್ತಿಕೊಂಡು ಹಲಗೆಯ ಮೇಲೆ ಕುಳಿತಿತ್ತು. ಗಾಲಿಕುರ್ಚಿಯಲ್ಲಿದ್ದವಳು ಕೈ ಚಾಚಿದರೆ ಸಿಗುವಷ್ಟು ಹತ್ತಿರ.

"ಇಷ್ಟೇನೇನೋ ಇರೋದು?" ಎಂದಳು.

"ಇಷ್ಟೇ ಅಕ್ಕ. ಮಿಕ್ಕಿದ್ದೆಲ್ಲ ತಗಡು."

ಹೊತ್ತದ್ದಾದರೂ ಎಂಥ ದಾರಿಯಲ್ಲಿ. ಮನೆ ಗುಡ್ಡದ ನೆತ್ತಿಯಲ್ಲಿ, ಅಂಗಡಿ ಬುಡದಲ್ಲಿ. ನಡುವೆ ಕಲ್ಲು ಹಾಸಿದ ಕಡಿದಾದ ಓಣಿ. ಅದರ ಕಲ್ಲುಗಳು ಸವೆದೂ ಸವೆದೂ ಸೋಪು ಬಳಿದಂತೆ ಜಾರುತ್ತಿದ್ದವು. ಬೇರೆ ಗಾಡಿಗಳು ಅರ್ಧಕ್ಕೆ ಬಂದು, ಮುಂದಿನ ಚಕ್ರ ಸುಮ್ಮನೆ ಗಿರಗಿರ ತಿರುಗಿಸಿ, ಮಾನ ಕಳೆದುಕೊಂಡು ಹಿಂದಕ್ಕೆ ಇಳಿಯುತ್ತಿದ್ದವು. ನಾಲ್ಕೂ ಚಕ್ರಕ್ಕೆ ಬಲ ಹೋಗುವ ಈ ಮುದಿ ವ್ಯಾನು ಮಾತ್ರ ಗೊಣಗುತ್ತ ಗೊಣಗುತ್ತ ಮೇಲೆ ಬಂದುಬಿಡುತ್ತಿತ್ತು. ಅದಕ್ಕೇ ಮನೆಯಲ್ಲಿ ಅದರ ಹೆಸರು 'ಅಜ್ಜ'. ಅಜ್ಜನ ಎಂಜಿನ್ ಕೈಕೊಟ್ಟ ದಿನದಿಂದ ಟೈಲರಮ್ಮನ ಅಂಗಡಿಗೆ ಬೀಗ. ಈ ತಿಂಗಳೂ ಬಾಗಿಲು ತೆಗೆಯದಿದ್ದರೆ ಬೇರೆಯವರಿಗೆ ಕೊಟ್ಟುಬಿಡುತ್ತೇನೆಂದು ಅಂಗಡಿಯ ಮಾಲೀಕ ಹೇಳಿ ಕಳಿಸಿದ್ದ. ಮನೆಯಲ್ಲೇ ಕೂತು ಹೊಲಿ ಎಂದು ಬಂದವರೆಲ್ಲ ಬುದ್ಧಿ ಹೇಳಿದರು. ಹೇಳುವವರಿಗೇನು, ಕಾಲಿದೆ, ಎದ್ದು ಹೋಗುತ್ತಾರೆ. ಅವಳಿಗೆ ಬೇಕಾಗಿದ್ದದ್ದು ಬರೀ ಹೊಲಿಗೆಯಲ್ಲ. ಬೀದಿ ಬೇಕಿತ್ತು, ಹೋಗುತ್ತ ಬರುತ್ತ ಬಾಗಿಲಲ್ಲಿ ನಿಂತು ಹರಟುವವರು ಬೇಕಿದ್ದರು.

ಬೇರೆ ಎಂಜಿನ್ನು, ಗೇರ್‌ಬಾಕ್ಸು ಹುಡುಕಿ ತಂದವನು ಗಂಡ. ನಾನು ಬರುವವರೆಗೂ ಸುಮ್ಮನಿರಿ ಭಾವ ಎಂದು ತಮ್ಮ ಹೇಳಿದ್ದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟು, ಗುಜರಿಗೆ ಹೋಗಿ, ಅಲ್ಲಿದ್ದ ಇಂಥದೇ ವ್ಯಾನಿನಿಂದ ಬಿಚ್ಚಿಸಿ, ಆಳುಗಳಿಂದ ಓಣಿ ಹತ್ತಿಸಿಕೊಂಡೇ ಬಂದಿದ್ದ. ಬಂದವನು ಎದೆ ಸೆಟೆಸಿ ನಿಂತು, "ನಮ್ಮ ಅಜ್ಜನ ಅವಳಿ ಕಣೇ. ಅದೇ ಮೂತಿ, ಅದೇ ಬಣ್ಣ, ಒಂದು ಚೂರು ಹೆಚ್ಚಿಲ್ಲ ಕಡಿಮೆಯಿಲ್ಲ" ಎಂದಿದ್ದ. ಮನೆಗಳಿಗೆ ಬಣ್ಣ ಬಳಿಯುವ ಮನುಷ್ಯ. ಅವನ ಕಣ್ಣಿಗೆ ಬಣ್ಣ ಬಿಟ್ಟರೆ ಇನ್ನೇನು ಬಿದ್ದೀತು?

ತಂದದ್ದು ಚೆನ್ನಾಗಿಯೇ ಇತ್ತು, ಬೋಲ್ಟಿನ ತೂತುಗಳೂ ಸರಿಯಾಗಿ ಕೂತವು. ತಮ್ಮ ಅದನ್ನು ಹಲಗೆಯ ಮೇಲೆ ತಳ್ಳಿ ತಂದು, ವ್ಯಾನನ್ನು ಬೆರಳಗಲ ಬೆರಳಗಲ ಅದರ ಮೇಲೆ ಇಳಿಸಿದ. ಹಿಂದಿನ ಚಕ್ರಗಳ ನಡುವಿನ ಗೇರಿನ ಉಂಡೆ ಹಳೆಯದೇ. ಮುಂದಿನಿಂದ ಅಲ್ಲಿಗೆ ಹೋಗುವ ಉದ್ದನೆಯ ಕಬ್ಬಿಣದ ದಂಡವನ್ನು ಸೇರಿಸಿದ. ಆಮೇಲೆ ನಾಲ್ಕೂ ಚಕ್ರ ನೆಲ ಬಿಡುವಂತೆ ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ. ಗೇರನ್ನು ನ್ಯೂಟ್ರಲ್‌ಗೆ ತಂದ, ಮುಂದಿನ ಚಕ್ರವನ್ನೂ ಹಿಂದಿನದನ್ನೂ ಒಂದಕ್ಕೊಂದು ಬೆಸೆಯುವ ಲಿವರ್ ಎಳೆದ, ಬಲಗಡೆಯ ಎರಡು ಚಕ್ರಗಳನ್ನು ತಿರುಗದಂತೆ ಹಗ್ಗದಿಂದ ಬಿಗಿದ.

"ಅಕ್ಕ, ನಿನ್ನ ಬಟ್ಟೆ ಸೀಮೆಸುಣ್ಣ ಕೊಡು."

ಎಡಗಡೆಯ ಎರಡೂ ಚಕ್ರಗಳ ನೆತ್ತಿಗೆ ಒಂದೊಂದು ಗೆರೆ ಎಳೆದ. "ಮುಂದಿನದನ್ನ ನೀನೇ ತಿರುಗ್ಸು. ಹಿಂದಿನದು ತಾನಾಗೇ ಬರ್ಬೇಕು, ಜೊತೆಜೊತೆಗೆ. ಬಂತು ಅಂದ್ರೆ ನಾಳೆ ನಿನ್ನ ಅಂಗಡಿ."

ಟೈಲರಮ್ಮ ಕುರ್ಚಿಯನ್ನು ಹತ್ತಿರಕ್ಕೆ ಉರುಳಿಸಿಕೊಂಡಳು. ಚಕ್ರ ಸರಿಯಾಗಿ ಅವಳ ಎದೆಯ ಮಟ್ಟಕ್ಕಿತ್ತು. ಎರಡೂ ಕೈಯಿಂದ ಹಿಡಿದು ಎಳೆದಳು. ಅದು ಭಾರವಾಗಿ ಹೊರಳಿತು, ವ್ಯಾನಿನ ಹೊಟ್ಟೆಯೊಳಗೆ ಏನೋ ಗುಳುಗುಳು ಎಂದಿತು. ಅಷ್ಟು ದೂರದಲ್ಲಿ, ಯಾರೂ ಮುಟ್ಟದೆ, ಹಿಂದಿನ ಚಕ್ರ ತಿರುಗಿತು.

ಅವಳ ಮೈ ಜುಂ ಎಂದಿತು. ಸೊಂಟದಿಂದ ಕೆಳಗೆ ತನ್ನ ಮಾತನ್ನು ಯಾವುದೂ ಕೇಳದೆ ಎಷ್ಟೋ ಕಾಲವಾಗಿತ್ತು. ಇಲ್ಲಿ ನೋಡಿದರೆ, ಇಲ್ಲಿ ಕೈಯಾಡಿಸಿದರೆ ಅಲ್ಲಿ ಓಗೊಡುತ್ತಿದೆ, ಅದೂ ಒಂದು ಕಬ್ಬಿಣದ ಗಾಡಿ. ನಿಲ್ಲಿಸಲು ಮನಸ್ಸಾಗದೆ ತಿರುಗಿಸುತ್ತಲೇ ಇದ್ದಳು. ಗೆರೆ ಕೆಳಗಿಳಿದು ಮತ್ತೆ ಮೇಲೆ ಬರುತ್ತಿತ್ತು. ಗಂಡ ಮೀಸೆ ತಿರುವುತ್ತ, "ನಾನು ಹೇಳ್ಲಿಲ್ವಾ?" ಎಂದ.

ಮೊದಲು ಕಂಡದ್ದು ಅವಳಿಗೇ. ಮುಂದಿನ ಗೆರೆ ನೆತ್ತಿಗೆ ಬಂದಾಗ ಹಿಂದಿನದು ಇನ್ನೂ ಒಂದಿಷ್ಟು ಕೆಳಗಿತ್ತು. ಇನ್ನೊಂದು ಸುತ್ತು ಬಂದಾಗ ಇನ್ನಷ್ಟು ಕೆಳಗೆ. ಕೈ ನಿಲ್ಲಿಸಿದಳು.

"ಹಿಂದೆ ಬೀಳ್ತಿದೆ."

"ಚೂರು ತಾನೇ," ಎಂದ ಗಂಡ. "ಓಡ್ತಾ ಓಡ್ತಾ ಸರಿಹೋಗುತ್ತೆ ಬಿಡು."

"ಹೇಗ್ರೀ ಸರಿಹೋಗೋದು? ಮಷೀನಲ್ಲಿ ಕೆಳಗಿನ ಬಟ್ಟೆ ಬೇಗ ಹೋಗಿ ಮೇಲಿನದು ತಡವಾದ್ರೆ ಏನಾಗುತ್ತೆ? ಸುಕ್ಕು ಬೀಳುತ್ತೆ, ಆಮೇಲೆ ದಾರ ಕಡಿಯುತ್ತೆ. ಇಲ್ಲಿ ಏನು ಕಡಿಯುತ್ತೋ?"

ತಮ್ಮನ ಮುಖ ಕಪ್ಪಿಟ್ಟಿತ್ತು. "ಗೇರ್‌ಬಾಕ್ಸು," ಎಂದ. "ಅದೂ ಓಣಿ ಮಧ್ಯದಲ್ಲಿ, ನೀನು ಒಳಗಿರುವಾಗ. ಇದರ ಹಲ್ಲಿನ ಲೆಕ್ಕ ಬೇರೆ, ನಮ್ಮ ಹಿಂದಿನ ಉಂಡೆ ಲೆಕ್ಕ ಬೇರೆ. ಆ ವ್ಯಾನಿನ ಹಿಂದಿನ ಉಂಡೆನೇ ಬೇಕು. ಭಾವ, ಗುಜರಿಯವನು ಅದನ್ನ ಕೊಡ್ತೀನಿ ಅನ್ಲಿಲ್ವಾ?"

ಗಂಡ ತಲೆ ಕೆರೆದುಕೊಂಡ. "ಅಂದ. ಜೊತೆಗಿರ್ಲಿ ತಗೊಂಡು ಹೋಗಿ ಅಂತ ಬಾಯಿ ಬಡ್ಕೊಂಡ. ನಮ್ಮದು ಚೆನ್ನಾಗಿದೆಯಲ್ಲ, ಸುಮ್ನೆ ಯಾಕೆ ಭಾರ ಅಂತ ನಾನೇ ಬಿಟ್ಟು ಬಂದೆ."

ಟೈಲರಮ್ಮನಿಗೆ ಸಿಟ್ಟು ನೆತ್ತಿಗೇರಿತು. ಬೈಯಲು ಬಾಯಿ ತೆರೆದಳು. ಅವನು ಆಗಲೇ ಚಪ್ಪಲಿ ಮೆಟ್ಟುತ್ತಿದ್ದ. ಆ ಇಡೀ ಮಧ್ಯಾಹ್ನ ಅವಳು ಶೆಡ್ಡಿನ ಬಾಗಿಲಲ್ಲಿ ಕುಳಿತು ಓಣಿ ನೋಡಿದಳು. ಆ ಉಂಡೆಯನ್ನು ಅಷ್ಟರಲ್ಲಿ ಯಾರಾದರೂ ಕೊಂಡುಹೋಗಿದ್ದರೆ? ಅಂಗಡಿಗೆ ಹೊಸ ಬೋರ್ಡು ಬೀಳುವುದು ಕಣ್ಣಿಗೆ ಕಟ್ಟಿದಂತೆ ಕಂಡಿತು.

ಅವನು ಬಂದ. ಬಾಡಿಗೆಯ ಗಾಡಿ ಓಣಿಯ ಬುಡದಲ್ಲೇ ಸೋತು ನಿಂತಿತ್ತು. ಗಂಡನೂ ಗುಜರಿಯವನೂ ಆ ಭಾರದ ಉಂಡೆಯನ್ನು ಬಿದಿರಿಗೆ ತೂಗುಹಾಕಿ, ಹೆಗಲು ಬದಲಿಸುತ್ತ, ಏದುಸಿರು ಬಿಡುತ್ತ ಹತ್ತಿಸಿಕೊಂಡು ಬರುತ್ತಿದ್ದರು. ಬಣ್ಣದವನ ಅಂಗಿಯ ತುಂಬ ಕಪ್ಪೆಣ್ಣೆ.

"ಭಾರ ಅಂತ ಬಿಟ್ಟು ಬಂದಿದ್ದೆ," ಎಂದ ಉಸಿರು ಸಿಕ್ಕ ಮೇಲೆ. "ನಿಜವಾಗ್ಲೂ ಭಾರ ಕಣೇ." ಅವಳಿಗೆ ನಗು ತಡೆಯಲಾಗಲಿಲ್ಲ.

ಮರುದಿನ ತಮ್ಮ ಆ ಉಂಡೆ ಕೂರಿಸಿದ ಮೇಲೆ ಮತ್ತೆ ಎರಡು ಗೆರೆ, ಮತ್ತೆ ಅವಳದೇ ಕೈ. ತಿರುಗಿಸಿದಳು. ಗೆರೆಗಳು ಒಟ್ಟಿಗೆ ಇಳಿದವು, ಒಟ್ಟಿಗೆ ಎದ್ದವು. ತೋಳು ಸೋಲುವವರೆಗೂ ತಿರುಗಿಸಿದಳು. ಒಂದು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಒಳಗೆ ಎಷ್ಟು ಹಲ್ಲು, ಎಷ್ಟು ದಂಡ, ಯಾವುದೂ ಕಣ್ಣಿಗೆ ಕಾಣದು. ಆದರೂ ಅಷ್ಟೂ ಸೇರಿ ಒಂದೇ ಮಾತು ನಡೆಸುತ್ತಿದ್ದವು. ಅವಳು ಚಕ್ರದ ಮೇಲೆ ಅಂಗೈ ಇಟ್ಟುಕೊಂಡು ಕುಳಿತುಬಿಟ್ಟಳು. ಕಣ್ಣು ತುಂಬಿ ಬಂದಿತ್ತು.

ತಮ್ಮ ಸ್ಟೀರಿಂಗ್ ಹಿಡಿದ. ಅಜ್ಜ ಅವರನ್ನೆಲ್ಲ ಹೊತ್ತು ಓಣಿಯಿಳಿದು ಅಂಗಡಿಯ ಮುಂದೆ ನಿಂತ. ಗಂಡ ಬೀಗದ ಕೈ ಹಿಡಿದು ಕೆಳಗೆ ಹಾರಿದ.

"ನಾನು ಇಳಿಯಲ್ಲ," ಎಂದಳು ಟೈಲರಮ್ಮ.

"ಯಾಕೇ?"

"ಇಳಿಯೋದೇನು ದೊಡ್ಡದು, ಕಲ್ಲನ್ನ ಉರುಳಿಸಿದ್ರೂ ಇಳಿಯುತ್ತೆ. ವಾಪಸ್ ಹತ್ತೋದನ್ನ ನೋಡ್ಬೇಕು ನಾನು."

ತಮ್ಮ ಗಾಡಿ ತಿರುಗಿಸಿದ. ಓಣಿಯ ಅತಿ ಕಡಿದಾದ ಜಾಗದಲ್ಲಿ ಮುಂದಿನ ಚಕ್ರ ಒಮ್ಮೆ ಜಾರಿತು. ಆಗ ಹಿಂದಿನಿಂದ ಯಾರೋ ಬೆನ್ನಿಗೆ ಕೈಕೊಟ್ಟು ನೂಕಿದಂತಾಯಿತು, ಗಾಡಿ ಮೇಲೆ ಹೋಯಿತು. ಮನೆಯ ಮುಂದೆ ನಿಂತಾಗ ಅವಳು ಹಿಂತಿರುಗಿ ಓಣಿಯನ್ನು ಬುಡದವರೆಗೂ ನೋಡಿದಳು. ಅಲ್ಲಿ ಗಂಡ, ಇಷ್ಟೇ ಇಷ್ಟು ಕಾಣುತ್ತ, ಅಂಗಡಿಯ ಬಾಗಿಲು ತೆರೆಯುತ್ತಿದ್ದ.

"ಈಗ ಓಣಿ ಇಳ್ಸೋ," ಎಂದಳು ತಮ್ಮನಿಗೆ. "ಕೆಲಸಕ್ಕೆ ಹೊತ್ತಾಯ್ತು."