ಯಾರೂ ಕೂರದ ಬೆಂಚು

ನಮ್ಮ ಮನೆಯಲ್ಲಿ ಕೂರುವ ಸಾಮಾನಿಗೆ ಬರವಿರಲಿಲ್ಲ. ಅದರ ಮೇಲೆ ಕೂರುವ ಹಾಗೆ ಮಾತ್ರ ಇರಲಿಲ್ಲ.

ಬೆಸಗರಹಳ್ಳಿಯಲ್ಲಿ ನನ್ನಪ್ಪ ಚಿಕ್ಕಣ್ಣನಷ್ಟು ಕೈಬಿಗಿಯ ಮನುಷ್ಯ ಇನ್ನೊಬ್ಬನಿರಲಿಲ್ಲ. ಹೊಸದು ಅನ್ನುವುದನ್ನು ಅವನು ಕೊಂಡವನೇ ಅಲ್ಲ. ಮದ್ದೂರು ಸಂತೆಗೆ ಹೋದರೆ ಮುರಿದದ್ದು, ಬಿರಿದದ್ದು, ಒಂದು ಕಿವಿ ಹೋದದ್ದು ಎಲ್ಲಿದೆ ಅಂತ ಹುಡುಕಿ ಹೊತ್ತು ತರುತ್ತಿದ್ದ. ಯುದ್ಧ ಶುರುವಾಗಿ ಬಟ್ಟೆ, ಸೀಮೆಎಣ್ಣೆ, ಮೊಳೆ ಯಾವುದೂ ಸಿಗದಂತಾದಾಗ ಊರೆಲ್ಲ ಪೇಚಾಡಿತು. ಅಪ್ಪ ಮಾತ್ರ, ಸದ್ಯ ಎಲ್ಲರಿಗೂ ಈಗ ಬುದ್ಧಿ ಬಂತು ಅನ್ನುವವನ ಹಾಗೆ ಮೀಸೆ ತಿರುವಿಕೊಂಡು ಓಡಾಡಿದ.

ಅಪ್ಪ ಮಾಡಿದ್ದನ್ನೆಲ್ಲ ಅಜ್ಜಿ ಕೆಡಿಸುತ್ತಿದ್ದಳು. ಮುರಿದು ಕೆಡಿಸುತ್ತಿದ್ದಳು ಅಂತಲ್ಲ. ನನ್ನಜ್ಜಿ ಪುಟ್ಟಮಾದಮ್ಮ ಪ್ರತಿಯೊಂದು ಸಾಮಾನಿನ ಹಿಂದಿನ ಜನ್ಮ ಬಲ್ಲವಳು. ಅವಳು ನನಗೆ ಹೇಳಿ ಬೆಳೆಸಿದ ಕತೆಗಳಲ್ಲಿ ಸೌಟು ಒಂದು ಕಾಲಕ್ಕೆ ರಾಜನ ಮಗಳಾಗಿರುತ್ತಿತ್ತು, ಹೀರೇಕಾಯಿಗೆ ಏಳು ಜನ ಅಣ್ಣಂದಿರಿರುತ್ತಿದ್ದರು.

"ರೂಪ ಬದಲಾದ್ರೆ ಮಾನ ಓಯ್ತದಾ ಮಗ?" ಅನ್ನುವಳು. "ಅದಕ್ಕೆ ಬಾಯಿಲ್ಲ, ಅಷ್ಟೇಯ."

ಮುತ್ತಜ್ಜಿಯ ಹಳೇ ಸೀರೆಗಳನ್ನು ಸೀಳಿ ಹೊಸೆದು ಅಪ್ಪ ನಡುಮನೆಗೊಂದು ಜಮಖಾನ ಹೆಣೆದಿದ್ದ. ಹಿರೀಕರ ಸೀರೆ ತುಳಿಯುವುದುಂಟೇ? ಅದು ನಡುಮನೆಯ ತುಂಬ ಹಾಸಿಕೊಂಡಿತ್ತು, ನಾವು ಗೋಡೆಗೆ ಬೆನ್ನು ಸವರಿಕೊಂಡು ಅಡ್ಡಡ್ಡ ನಡೆಯುತ್ತಿದ್ದೆವು. ಹಳೇ ನೊಗವನ್ನು ಬಾಚಿಯಿಂದ ಸವರಿ, ಮರ ಉಳಿಯಲಿ ಅಂತ ನಡುವೆ ಒಂದೇ ಒಂದು ಗೂಟಕ್ಕೆ ಕೂರಿಸಿ ಉದ್ದನೆಯ ಪೀಠ ಮಾಡಿದ್ದ. ನೊಗಕ್ಕೆ ಒಂಟಿ ಎತ್ತು ಕಟ್ಟುವುದಿಲ್ಲ, ಕೂತರೆ ಇಬ್ಬರು ಒಟ್ಟಿಗೆ ಕೂರಬೇಕು ಅಂದಳು ಅಜ್ಜಿ. ನಮ್ಮ ಮನೆಯಲ್ಲಿ ಇಬ್ಬರು ಒಟ್ಟಿಗೆ ಬಿಡುವಾಗಿದ್ದದ್ದೇ ಇಲ್ಲ.

ಹಾಗಾಗಿ ಹದಿನೆಂಟು ವರ್ಷ ನಾನು ಅಡುಗೆಮನೆಯ ಮೂಲೆಯ ನೆಲದ ಮೇಲೆ ಮಂಡಿ ಮಡಿಸಿಕೊಂಡೇ ಬೆಳೆದೆ. ಬೇರೆ ಹುಡುಗಿಯರು ಒಡವೆ ಕನಸು ಕಾಣುತ್ತಿದ್ದರು. ನನ್ನ ಕನಸಿನಲ್ಲಿ ಎರಡು ಕಾಲು ಗಾಳಿಯಲ್ಲಿ ತೂಗುತ್ತಿದ್ದವು.

ಆಗ ಕಿರುಗಾವಲಿನಿಂದ ಸಂಬಂಧ ಬಂತು. ದೊಡ್ಡಬೀರಯ್ಯ ಅನ್ನುವವರ ಮಗ, ಹೊನ್ನಯ್ಯ ಅಂತ. ಸುದ್ದಿ ತಂದ ನೆಂಟರು ಜಮೀನು, ಎತ್ತು, ಬಾವಿ ಎಲ್ಲ ಹೇಳಿ ಕೊನೆಗೆ, "ಮನೆ ಮುಂದೆ ಕಲ್ಲಿನ ಜಗಲಿ ಅದೆ. ಹತ್ತು ಜನ ಕಾಲು ಇಳಿಬುಟ್ಕಂಡು ಕುಂತ್ಕೋಬೋದು" ಅಂದರು. ಹುಡುಗ ಹೇಗಿದ್ದಾನೆ ಅಂತ ನಾನು ಕೇಳಲಿಲ್ಲ. ಈ ಮದುವೆ ಆಗಲೇಬೇಕು ಅಂದುಕೊಂಡೆ.

ಹೆಣ್ಣು ನೋಡುವವರು ಬರುವ ಮುಂಚೆ ಅಪ್ಪ ಒಂದು ಬೆಂಚು ಮಾಡಿದ. ಕೆಡವಿದ ಯಾವುದೋ ದೊಡ್ಡ ಮನೆಯ ಹೆಬ್ಬಾಗಿಲ ಹೊಸ್ತಿಲು, ಹಲಸಿನ ಮರದ್ದು, ಅವನಿಗೆ ಸಿಕ್ಕಿತ್ತು. ಅದಕ್ಕೆ ಮುರಿದ ಒನಕೆಗಳನ್ನು ಕೊಯ್ದು ನಾಲ್ಕು ಕಾಲು ಜೋಡಿಸಿದ. ಮೂರು ಜನ ಆರಾಮವಾಗಿ ಕೂರಬಹುದಾಗಿತ್ತು. ಅಜ್ಜಿ ನೋಡಿದಳು.

"ಒಸ್ಲು ಮ್ಯಾಲೆ ಕುಂಡಿ ಊರ್ತಾರೇನ್ಲಾ?"

"ಅವ್ವಾ, ಇದು ಬೆಂಚು."

"ನಿಂಗೆ ಬೆಂಚು. ಅದನ್ನ ಕೇಳ್ದಾ?"

ಅಪ್ಪ ಕೈಮುಗಿದ. "ನಿನ್ನ ಮೊಮ್ಮಗಳ ಮದ್ವೆ ಕಣವ್ವ. ಅವರು ಬಂದು ಓಗಗಂಟ ಒಂದು ಮಾತೂ ಆಡ್ಬ್ಯಾಡ. ಆಣೆ ಮಾಡು." ಅಜ್ಜಿ ನನ್ನ ಮುಖ ನೋಡಿದಳು. ಆಮೇಲೆ, "ವೈದ್ಯನಾಥಪುರದ ಸ್ವಾಮಿ ಆಣೆಗೂ ತುಟಿ ಬಿಚ್ಚಾಕಿಲ್ಲ" ಅಂದಳು.

ಬೀಗರು ಪೆಟ್ರೋಲಿಲ್ಲದೆ ಇದ್ದಲು ಒಲೆ ಕಟ್ಟಿಕೊಂಡು ಓಡುವ ಬಸ್ಸಿನಲ್ಲಿ ಮಳವಳ್ಳಿ, ಮದ್ದೂರು ದಾಟಿ, ದಾರಿಯುದ್ದಕ್ಕೂ ನಿಂತುಕೊಂಡೇ ಬಂದಿದ್ದರು. ಮೂವರ ಮೂಗಿನ ಮೇಲೂ ಮಸಿ. ದೊಡ್ಡಬೀರಯ್ಯನವರು ಮುಂದೆ, ಅವರ ಹೆಂಡತಿ ಹೊಂಬಾಳಮ್ಮ ಹಿಂದೆ, ಕೊನೆಗೆ ನಿಂತು ದಣಿದ ಕಾಲು ಎಳೆಯುತ್ತಾ ಹುಡುಗ.

"ಬನ್ನಿ ಬೀಗ್ರೆ, ಕುಂತ್ಕಳಿ" ಅಂದ ಅಪ್ಪ, ಬೆಂಚು ತೋರಿಸಿ.

ದೊಡ್ಡಬೀರಯ್ಯನವರು ಪಂಚೆ ಎತ್ತಿ, ಮಂಡಿ ಮಡಿಸಿ, ಇನ್ನೇನು ಕೂರಬೇಕು. ಅಜ್ಜಿ ಅರಿಶಿನದ ಬಟ್ಟಲು ಹಿಡಿದು ಅವರಿಗೂ ಬೆಂಚಿಗೂ ನಡುವೆ ತೂರಿಬಂದಳು. ಮಾತಿಲ್ಲ. ಬೆಂಚಿಗೆ ಅರಿಶಿನ ಬಳಿದಳು, ಕುಂಕುಮ ಇಟ್ಟಳು, ಎರಡು ತುಂಬೆ ಹೂ ಇಟ್ಟು, ಸೆರಗೊಡ್ಡಿ ನಮಸ್ಕಾರ ಮಾಡಿದಳು. ಬೀಗರು ಅಷ್ಟೂ ಹೊತ್ತು ಅರ್ಧ ಕೂತವರು ಅರ್ಧದಲ್ಲೇ ನಿಂತಿದ್ದರು. ಪೂಜೆ ಆದಮೇಲೆ ಅದರ ಮೇಲೆ ಯಾರು ತಾನೆ ಕೂರುತ್ತಾರೆ?

ಹೊಂಬಾಳಮ್ಮ ಜಮಖಾನದ ಕಡೆ ಹೆಜ್ಜೆ ಇಟ್ಟರು. ಅಜ್ಜಿ ಅದನ್ನು ಸರಸರ ಸುತ್ತಿ, ಕೂಸಿನ ಹಾಗೆ ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟತೊಡಗಿದಳು.

"ನಿಮ್ಮವ್ವಾರಿಗೆ ಮೈ ಸರಿ ಇಲ್ವಾ?" ಅಂದರು ಹೊಂಬಾಳಮ್ಮ.

"ಮೈ ಗಟ್ಟಿಮುಟ್ಟಾಗದೆ ಕಣಕ್ಕಾ. ವಸಿ ಭಕ್ತಿ ಜಾಸ್ತಿ" ಅಂದ ಅಪ್ಪ, ಬೆವರು ಒರೆಸಿಕೊಳ್ಳುತ್ತಾ.

ನಾನು ನೀರಿನ ಚೊಂಬು, ಬೆಲ್ಲದ ತಟ್ಟೆ ಹಿಡಿದು ಬಾಗಿಲಿಗೆ ಬಂದೆ. ಹುಡುಗನಿಗೆ ನಿಲ್ಲಲಾಗಲಿಲ್ಲವೋ ಏನೋ, ಪಾಪ, ಗೋಡೆ ಪಕ್ಕದ ನೊಗದ ಪೀಠದ ಒಂದು ತುದಿಗೆ ಕೂತುಬಿಟ್ಟ. ಒಂದೇ ಗೂಟದ ಪೀಠ. ಆ ತುದಿ ಕೆಳಗೆ ಬಂತು, ಈ ತುದಿ ಮೇಲೆ ಹೋಯಿತು, ಅವನು ಜಾರುತ್ತಾ ಗೋಡೆ ತಡಕಿದ. ಜಮಖಾನ ಹೊತ್ತ ಅಜ್ಜಿ ನನ್ನ ಕಡೆ ತಿರುಗಿ ಎರಡು ಬೆರಳು ತೋರಿಸಿದಳು.

ನಾನು ಚೊಂಬು ಕೆಳಗಿಟ್ಟು, ಹೋಗಿ, ಇನ್ನೊಂದು ತುದಿಯಲ್ಲಿ ಕೂತೆ.

ನೊಗ ಸಮಕ್ಕೆ ಬಂತು. ನನ್ನ ಕಾಲು ನೆಲದಿಂದ ಒಂದು ಗೇಣು ಮೇಲೆ ತೂಗಾಡಿದವು. ಹೀಗಿರುತ್ತದೆಯೇ, ಅನ್ನಿಸಿತು.

"ಅಯ್ಯಯ್ಯಪ್ಪೋ!" ಹೊಂಬಾಳಮ್ಮ ಎದೆ ಮೇಲೆ ಕೈಯಿಟ್ಟರು. "ನೋಡಾಕೆ ಬಂದ್ರೆ ಪಕ್ಕದಲ್ಲೇ ಕುಂತ್ಕಬುಟ್ಳಲ್ಲಾ! ದೊಡ್ಡೋರು ನಿಂತವ್ರೆ! ಏಳ್ಲಾ ಹೊನ್ನಾ, ಓಗೋಣ."

ಹೊನ್ನಯ್ಯ ಏಳಲು ನೋಡಿದ. ನನ್ನ ತುದಿ ಕೆಳಗಿಳಿಯತೊಡಗಿತು. ಅವನು ಮತ್ತೆ ಕೂತ.

"ನಾನೆದ್ರೆ ಅವರು ಬೀಳ್ತರೆ ಕಣವ್ವ."

"ಬೀಳ್ಲಿ ಬುಡು!"

"ಎಂಗೆ ಬುಡಾದು?" ಅಂದ ಅವನು, ಮೆಲ್ಲಗೆ.

ಹುಡುಗನ ಮುಖ ಆಗ ನೋಡಿದೆ. ಚೆನ್ನಾಗೇ ಇತ್ತು. ಆದರೆ ನನಗೆ ಕೇಳಬೇಕಾದದ್ದು ಬೇರೆಯಿತ್ತು. ಅವರು ಹೊರಟು ಹೋಗುವ ಮುಂಚೆ ಕೇಳಲೇಬೇಕು.

"ನಿಮ್ಮ ಮನೆ ಜಗಲಿ ಮೊದ್ಲು ಏನಾಗಿತ್ತು?"

"ಕಲ್ಲು" ಅಂದ.

"ಅದಕ್ಕೂ ಮೊದ್ಲು?"

ಅವನು ಕಣ್ಣು ಮುಚ್ಚಿ ನಿಜವಾಗಿ ಯೋಚಿಸಿದ. "ಕಲ್ಲೇ" ಅಂದ.

ಬೇರೆ ಯಾರಾದರೂ ಆಗಿದ್ದರೆ ನಗುತ್ತಿದ್ದರು. ಅವನು ನಗಲಿಲ್ಲ. ನನ್ನ ಮನಸ್ಸು ಅಲ್ಲಿಗೆ ನಿಂತಿತು. ಆದರೆ ಹೊಂಬಾಳಮ್ಮ ಆಗಲೇ ಅಂಗಳಕ್ಕೆ ಇಳಿದು, "ಕುಂತ್ಕಳಾಕೆ ಬುಡದೋರ ಮನೆ ಸಂಬಂಧ ನಮಗ್ಯಾಕೆ? ಬನ್ನಿ ಅಂದ್ರೆ!" ಅಂತ ಗಂಡನನ್ನು ಕೂಗುತ್ತಿದ್ದರು.

ದೊಡ್ಡಬೀರಯ್ಯನವರು ಅಲ್ಲಾಡಲಿಲ್ಲ. ಅರಿಶಿನ ಹಚ್ಚಿದ ಬೆಂಚನ್ನೇ ನೋಡುತ್ತಾ ನಿಂತಿದ್ದರು. ಆಮೇಲೆ ಬಗ್ಗಿ, ಹೂವಿಗೆ ತಾಗದ ಹಾಗೆ ಗೇಣು ಹಾಕಿದರು. ಒಂದು, ಎರಡು, ಏಳು.

"ಚಿಕ್ಕಣ್ಣ, ಇದು ಒಸ್ಲಲ್ವಾ?"

ಅಪ್ಪ ಅಜ್ಜಿಯನ್ನು ನೋಡಿದ. ಅಜ್ಜಿಯ ತುಟಿ ಪಟಪಟ ಹೊಡೆದುಕೊಳ್ಳುತ್ತಿತ್ತು.

"ನಮ್ಮನೆ ಮುಂಬಾಗ್ಲು ಗೆದ್ದಲು ತಿಂದೋಯ್ತು. ಬಾಗಿಲುವಾಡ ಮಾಡ್ಸಿ ನಿಲ್ಸಿದ್ದೀನಿ, ಒಸ್ಲಿಗೆ ಮರ ಸಿಗ್ತಿಲ್ಲ. ಯುದ್ಧಕ್ಕೆ ಮರ ಎಲ್ಲಾ ಓಯ್ತವೆ ಅಂತರೆ. ಸೇರು ಒದ್ದು ಒಳಗೆ ಬರಾಕೆ ಸೊಸೆಗೆ ಒಸ್ಲು ಬ್ಯಾಡವಾ? ಒಸ್ಲಿಲ್ದೆ ಸೊಸೆ ತರಾದೆಂಗೆ ಅಂತ ಮೂರು ತಿಂಗ್ಳಿಂದ ನಿದ್ದೆ ಇಲ್ಲ ನಂಗೆ." ಅವರು ಮತ್ತೆ ಗೇಣು ಹಾಕಿದರು. "ಏಳು ಗೇಣು. ಅಳತೆ ಕೊಟ್ಟು ಮಾಡ್ಸಿದಂಗದೆ."

ಅಜ್ಜಿಗೆ ಇನ್ನು ತಡೆಯಲಾಗಲಿಲ್ಲ. "ಅಂಗನ್ನಪ್ಪಾ!" ಅಂತ ಜಮಖಾನವನ್ನು ಅಪ್ಪನ ಕೈಗೆ ಎಸೆದಳು. "ಕಣ್ಣಿರೋನು ಒಬ್ಬ ಬಂದ ಈ ಮನೆಗೆ! ಕುಂತ್ಕಂಡುಬುಟ್ಟಿದ್ರೆ ಯಾವ ಮಕದಲ್ಲಿ ಇದನ್ನ ಮನೆ ಬಾಗ್ಲಿಗೆ ಆಕ್ಕತಿದ್ದೆಯಪ್ಪಾ ನೀನು?"

ದೊಡ್ಡಬೀರಯ್ಯನವರು ಹಿಂದೆ ಮುಟ್ಟಿ ನೋಡಿಕೊಂಡರು. "ಸದ್ಯ ಕುಂತ್ಕಳ್ನಿಲ್ಲ" ಅಂದರು, ಅಂಗಳಕ್ಕೂ ಕೇಳುವ ಹಾಗೆ. "ಉಳಿಸ್ಬುಟ್ರಿ ಕಣವ್ವ."

ಹೊಂಬಾಳಮ್ಮ ಒಳಗೆ ಬಂದು, ಗಂಡನನ್ನೂ ಬೆಂಚನ್ನೂ ಒಂದೇ ಸಮ ಕೆಕ್ಕರಿಸಿ ನೋಡಿ, ಕೊನೆಗೆ ತಟ್ಟೆಯಿಂದ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡರು. ಮಾತುಕತೆಯೆಲ್ಲ ನಿಂತುಕೊಂಡೇ ಮುಗಿಯಿತು. ನಾವಿಬ್ಬರು ಮಾತ್ರ ಕೂತಿದ್ದೆವು, ಏಳುವುದಕ್ಕೆ ದಾರಿಯಿರಲಿಲ್ಲ. ಬಸ್ಸಿನ ಹೊತ್ತಾದಾಗ ಅಪ್ಪ "ಒಂದು, ಎರಡು, ಮೂರು" ಅಂದ. ಒಟ್ಟಿಗೆ ಎದ್ದೆವು.

ಬೆಂಚು ನನಗಿಂತ ಎಂಟು ದಿನ ಮುಂಚೆ, ಗಾಡಿಯ ಮೇಲೆ, ಹೂ ಮುಡಿದುಕೊಂಡು ಕಿರುಗಾವಲಿಗೆ ಹೋಯಿತು. ಒನಕೆ ಕಾಲು ನಾಲ್ಕನ್ನೂ ಅಪ್ಪ ಬಿಚ್ಚಿಟ್ಟುಕೊಂಡಿದ್ದ, ಇನ್ನೊಂದಕ್ಕೆ ಆಗುತ್ತದೆ ಅಂತ.

ಅದೇ ಹೊಸ್ತಿಲ ಮೇಲಿನ ಸೇರು ಒದ್ದು ಮನೆ ತುಂಬಿದೆ. ಮಾರನೆಯ ಬೆಳಿಗ್ಗೆ ಹೊರಗೆ ಬಂದು, ಜಗಲಿಯ ಕಲ್ಲನ್ನು ಒಮ್ಮೆ ಮುಟ್ಟಿ ನೋಡಿ, ಕಾಲು ಇಳಿಬಿಟ್ಟು ಕೂತೆ. ಬಿಸಿಲು ಮೊಣಕಾಲಿಗೆ ಬಂತು.

"ಏನವ್ವಾ ಮಾಡ್ತಾ ಇದ್ದೀಯೆ ಅಲ್ಲಿ?" ಒಳಗಿಂದ ಅತ್ತೆ ಕೂಗಿದರು.

"ಕುಂತಿದ್ದೀನಿ ಅತ್ತೆ" ಅಂದೆ.