ಹನ್ನೆರಡು ಮೀಟರ್

ಸಿನಿಮಾ ಯಂತ್ರದಿಂದ ಪರದೆಗೆ ಚಾಚಿದ ಬೆಳಕಿನಲ್ಲಿ ಸಿಗಾರಿನ ಹೊಗೆ ಸುರುಳಿ ಬಿಚ್ಚುತ್ತಿದೆ, ಹೊಗೆಯಾಚೆ ಮನೆಗೆಲಸದವಳೊಬ್ಬಳು ಯಜಮಾನನ ಕಣಜಕ್ಕೆ ಬೆಂಕಿಯಿಡುತ್ತಿದ್ದಾಳೆ — ಡಾಕ್ಟರ್ ಟೆಟ್ಸ್‌ಲಾಫ್ ಕನ್ನಡಕ ತೆಗೆದು ಒರೆಸತೊಡಗಿದರು, ಒರೆಸುವಷ್ಟು ಹೊತ್ತು ನೋಡಬೇಕಾಗಿಲ್ಲವಲ್ಲ, ಬರ್ಲಿನ್ನಿನ ಈ ಚಿತ್ರಪರೀಕ್ಷಾ ಮಂಡಳಿಯಲ್ಲಿ ಅಪರಾಧಶಾಸ್ತ್ರದ ಪಂಡಿತರು ಹೇಳಿದ್ದೇ ಕೊನೆಯ ಮಾತು, ಆ ಪಂಡಿತ ತಾನೇ, ಬೆಂಕಿ ಇರ್ಲಿ ಡಾಕ್ಟ್ರೆ, ಕೊನೇಲಿ ಜೈಲಿಗೆ ಹೋಗ್ತಾಳಲ್ಲ, ಎಂದು ಅಧ್ಯಕ್ಷ ಬ್ರೋಸಿಕೆ ಪಕ್ಕದಿಂದ ಬಾಗುತ್ತಾರೆ, ಆದ್ರೆ ಬೆಂಕಿಗೆ ಮುಂಚೆ ಯಜಮಾನ ಅವಳ ಕೋಣೆಗೆ ನುಗ್ತಾನಲ್ಲ, ಆ ಹನ್ನೆರಡು ಮೀಟರ್ ಫಿಲ್ಮು ಕತ್ತರಿಸೋಣ, ಇಲ್ದಿದ್ರೆ ಆಳುಗಳು ತಿರುಗಿ ಬೀಳ್ತಾರೆ, — ನಮ್ಮನೆ ಕೆಲಸದವಳು ಕಾಫಿ ಕೇಳಿದ್ರೇನೇ ತಿರುಗಿ ಬೀಳ್ತಾಳೆ ಬಿಡಿ, ಹಿಂದಿನ ಸಾಲಿನಲ್ಲಿ ಮಂಡಳಿಯ ಸದಸ್ಯ ಮೇಷ್ಟ್ರು ಕ್ರಾಟ್ಸ್‌ರ ನಗು — ಹನ್ನೆರಡು ಮೀಟರ್ ಅಂದರೆ ಅರ್ಧ ನಿಮಿಷ, ಅದನ್ನು ತೆಗೆದರೆ ಉಳಿಯುವವಳು ಸುಮ್ಮನೆ ಕಡ್ಡಿ ಗೀರಿದ ಹುಚ್ಚಿ, ಆಲ್ವೀನಳನ್ನು ಹಾಗೆಯೇ ಮಾಡಿದ್ದಲ್ಲವೇ, ಹದಿಮೂರು ವರ್ಷದ ಹಿಂದೆ, ತಾನು ತನಿಖಾ ನ್ಯಾಯಾಧೀಶನಾಗಿದ್ದಾಗ, ಜಮೀನುದಾರನ ಕಣಜ ಸುಟ್ಟ ಹತ್ತೊಂಬತ್ತರ ಆಲ್ವೀನ ಪೀಸ್ಕರ್, ಸಿನಿಮಾ ನೋಡಿದ್ಯಾ, ಒಂದ್ಸಲ ಸಾಹೇಬ್ರೆ, ಡೇರೇಲಿ, ಬೆಂಕಿ ಇತ್ತಾ ಅದ್ರಲ್ಲಿ, ಆರಿಸೋರು ಇದ್ರು ಸಾಹೇಬ್ರೆ, ಕುದುರೆ ಗಾಡೀಲಿ ಬಂದ್ರು — ಇಷ್ಟೇ, ಈ ಒಂದು ಉತ್ತರದಿಂದ ಪುಸ್ತಕದ ನಾಲ್ಕನೆಯ ಅಧ್ಯಾಯ, ಸಿನಿಮಾ ಹುಟ್ಟಿಸಿದ ಅಪರಾಧಿ, ವಿಯೆನ್ನಾದಲ್ಲಿ ಚಪ್ಪಾಳೆ, ಈ ಕುರ್ಚಿ, ಆ ಉತ್ತರದ ಬೆನ್ನಿಗೇ ಅವಳು ಅಂಗಿಯ ತೋಳು ಮೇಲೇರಿಸಿದ್ದಳು, ನಾಲ್ಕು ಬೆರಳಿನ ನೀಲಿ ಗುರುತು, ದಣಿ ಹಿಡಿದದ್ದು ಸಾಹೇಬ್ರೆ, ಇದನ್ನೂ ಬರ್ಕೊಳ್ಳಿ, ಗುಮಾಸ್ತ ತನ್ನ ಮುಖ ನೋಡಿದ, ತಾನು ತಲೆಯಾಡಿಸಿದ್ದು ಬೇಡವೆಂದು, ಲೇಖನಿ ಕಾಗದಕ್ಕಿಳಿಯಲಿಲ್ಲ, ಆರು ವರ್ಷದ ಶಿಕ್ಷೆ, ನಾಲ್ಕನೆಯ ವರ್ಷ ಕ್ಷಯದಲ್ಲಿ ಸತ್ತಳಂತೆ, ಜಮೀನುದಾರ ಪ್ರತಿ ಕ್ರಿಸ್‌ಮಸ್‌ಗೆ ತನಗೊಂದು ಬಾತುಕೋಳಿ ಕಳಿಸುತ್ತಿದ್ದ, ಹೆಂಡತಿ ಸೇಬು ತುಂಬಿ ಹುರಿಯುತ್ತಿದ್ದಳು, ತಿಂದೆವು —

ದೀಪ ಹತ್ತಿತು. ಬ್ರೋಸಿಕೆ ಅಭಿಪ್ರಾಯಪತ್ರ ಮುಂದಿಟ್ಟಿದ್ದಾರೆ, ಪಕ್ಕದಲ್ಲಿ ತನ್ನದೇ ಪುಸ್ತಕ, ತೆರೆದದ್ದು ನಾಲ್ಕನೆಯ ಅಧ್ಯಾಯಕ್ಕೆ, ನೀವೇ ಬರ್ದಿದೀರಲ್ಲ, ಸಿನಿಮಾನೇ ಕಾರಣ, ದಣಿಗಳಲ್ಲ ಅಂತ, ಸಹಿ ಹಾಕ್ಬಿಡಿ ಡಾಕ್ಟ್ರೆ, ಊಟಕ್ಕೆ ಹೊತ್ತಾಯ್ತು — ಆ ಅರ್ಧ ನಿಮಿಷ ಇರಲಿ ಎಂದರೆ ಅಧ್ಯಾಯ ಸುಳ್ಳು, ಅಧ್ಯಾಯ ಸುಳ್ಳಾದರೆ ಹದಿಮೂರು ವರ್ಷ ಸುಳ್ಳು, ಎದ್ದು ಹೇಳಿಬಿಡಬೇಕು, ಇವತ್ತು, ಈಗಲೇ, ಹೇಳುತ್ತೇನೆ, ಎಂದುಕೊಳ್ಳುತ್ತಿರುವಾಗಲೇ ಕೈ ಕಲಿತ ಕೆಲಸ ಮುಗಿಸಿತ್ತು, ಕತ್ತರಿಸಬಹುದು, ಕೆಳಗೆ ಹೆಸರು, ಮಸಿ ಇನ್ನೂ ಒದ್ದೆ, ಎಲ್ಲರೂ ಎದ್ದು ಕೋಟು ಹಾಕಿಕೊಳ್ಳುತ್ತಿದ್ದಾರೆ, ಆಲ್ವೀನ ಮಾತ್ರ ಮೇಜಿನಾಚೆ ನಿಂತಿದ್ದಾಳೆ, ತೋಳು ಮೇಲೇರಿಸಿ, ನಾಲ್ಕು ನೀಲಿ ಗುರುತು, ಹೆಬ್ಬೆರಳಿನದು ಒಳಮಗ್ಗುಲಿಗಿದೆ, ಅದನ್ನು ತೋರಿಸಲು ತೋಳು ತಿರುವುತ್ತಿದ್ದಾಳೆ, ತಿರುವುತ್ತಿದ್ದಾಳೆ