ಮಲ್ಪೆಗೆ ಸರಿದ ಕಾಪುವಿನ ಬಂಡೆ

ಕಾಪುವಿನ ಕಡಲಲ್ಲಿ ನೀರಿನಡಿ ಅಡಗಿದ್ದ ಬಂಡೆಯೊಂದು ಹಿಂದಿನ ವರ್ಷ ದೋಣಿಯೊಂದನ್ನು ಸೀಳಿತ್ತು. ಸರ್ವೆ ನಕ್ಷೆಯ ಚೌಕಗಳಲ್ಲಿ ಅದರ ಸ್ಥಾನ ಗುರುತಾಗಿತ್ತು. ಆದರೆ ಯಾಂತ್ರಿಕ ದೋಣಿಯವರಿಗೆ ಬೇಕಾದದ್ದು ಅಕ್ಷಾಂಶ, ರೇಖಾಂಶ. ಆ ಲೆಕ್ಕಕ್ಕಾಗಿ ಮೀನುಗಾರರ ಸಂಘದ ಕಾರ್ಯದರ್ಶಿ ಮುದ್ದಣ್ಣ ಮಣಿಪಾಲದ ಕಾಲೇಜಿಗೆ ಬಂದಿದ್ದರು. ಮರುದಿನ ದೋಣಿಗಳು ಕಡಲಿಗಿಳಿಯುವುದಿತ್ತು.

ರೇಖಾಂಶವನ್ನು ಉಪನ್ಯಾಸಕಿ ಸೆಲೀನ್ ಲಾಗ್ ಕೋಷ್ಟಕ ಹಿಡಿದು ಕಂಡುಹಿಡಿದಳು. ಅಕ್ಷಾಂಶವನ್ನು ವಿಭಾಗದ ಮುಖ್ಯಸ್ಥ ಬ್ಯಾಪ್ಟಿಸ್ಟ್ ಸರ್, ಭಾವ ದುಬಾಯಿಯಿಂದ ತಂದುಕೊಟ್ಟ ಹೊಸ ಕ್ಯಾಲ್ಕುಲೇಟರಿನಲ್ಲಿ ಕ್ಷಣಾರ್ಧದಲ್ಲಿ ತೆಗೆದರು. ಪರದೆಯ ಮೇಲೆ ೧೩.೨೨ ಎಂದು ಬಂತು. ಅವರು ಹದಿಮೂರು ಡಿಗ್ರಿ ಇಪ್ಪತ್ತೆರಡು ಮಿನಿಟು ಎಂದು ಬರೆದು, ಸಹಿ ಹಾಕಿ ಸೀಲು ಒತ್ತಿದರು.

ಸೆಲೀನ್ ನಕ್ಷೆಯ ಮೇಲೆ ಬೆರಳಿಟ್ಟಳು. "ಸರ್, ಇದು ಮಲ್ಪೆಯ ಕಡಲು."

"ಮೆಷಿನ್ ಸುಳ್ಳು ಹೇಳುವುದಿಲ್ಲ, ಸೆಲೀನ್."

"ಮೆಷಿನ್ ಹೇಳಿದ್ದು ಡಿಗ್ರಿಯ ನೂರರಲ್ಲಿ ಇಪ್ಪತ್ತೆರಡು ಪಾಲು. ಡಿಗ್ರಿಗೆ ಮಿನಿಟು ಅರುವತ್ತೇ ಅಲ್ವಾ? ಹಾಗಾದರೆ ಹದಿಮೂರು ಮಿನಿಟು, ಮೇಲೆ ಹನ್ನೆರಡು ಸೆಕೆಂಡು."

ಸರ್ ಅವರ ಮುಖ ಕೆಂಪಾಯಿತು. "ಸಹಿ ಆಗಿದೆ, ಸೀಲೂ ಬಿದ್ದಿದೆ. ಈಗ ಗೀಚಿದರೆ ವಿಭಾಗದ ಮರ್ಯಾದೆ ಎಂತಾಗಬೇಕು? ಮುಂದಿನ ವಾರ ತಿದ್ದುಪಡಿ ಕಳುಹಿಸುವಾ."

ಸೆಲೀನಳ ಮೈ ಉರಿಯಿತು. ಉತ್ತರ ಬರೆಯುವ ಮೊದಲು ತಾಳೆ ನೋಡಬೇಕೆಂದು ತರಗತಿಯಲ್ಲಿ ಮಕ್ಕಳ ಕಿವಿ ಹಿಂಡುವವರೇ, ಮರ್ಯಾದೆ ತಮ್ಮದಾದ ಕೂಡಲೇ ಮನುಷ್ಯರ ಜೀವವನ್ನು ಮುಂದಿನ ವಾರಕ್ಕೆ ಮುಂದೂಡಬಹುದೇ? ಕಲಿತವನು ತಪ್ಪುವುದು ಸಹಜ. ತಪ್ಪೆಂದು ತಿಳಿದ ಮೇಲೂ ಅದಕ್ಕೆ ಸೀಲಿನ ರಕ್ಷಣೆ ಕೊಡುವುದು ಅನ್ಯಾಯ.

"ದೋಣಿ ಹೊರಡುವುದು ನಾಳೆ, ಸರ್. ನೀವು ತಿದ್ದದಿದ್ದರೆ ಸಂಜೆಯ ಬಸ್ಸಿಗೆ ನಾನೇ ಕಾಪುವಿಗೆ ಹೋಗಿ, ಕಡಲತೀರದಲ್ಲಿ ನಿಂತು ಸರಿಯಾದ ಅಂಕಿ ಓದಿ ಹೇಳುತ್ತೇನೆ. ಯಾರ ಲೆಕ್ಕ ತಪ್ಪಿತೆಂದು ಕೇಳಿದರೆ ಅದನ್ನೂ ಹೇಳುತ್ತೇನೆ."

ಮುದ್ದಣ್ಣ ಕೆಮ್ಮಿದರು. "ಸರ್, ನಮ್ಮ ಕಲ್ಲನ್ನು ಮಲ್ಪೆಯವರಿಗೆ ದಾನ ಮಾಡುವುದು ಬೇಡ ಮಾರಾಯ್ರೆ. ಅವರಿಗೆ ಅವರದ್ದೇ ಬೇಕಾದಷ್ಟು ಉಂಟು."

ಬ್ಯಾಪ್ಟಿಸ್ಟ್ ಸರ್ ನಗಲಿಲ್ಲ. ಹೊಸ ಹಾಳೆ ಎಳೆದುಕೊಂಡು, ಕ್ಯಾಲ್ಕುಲೇಟರನ್ನು ಪಕ್ಕಕ್ಕೆ ಸರಿಸಿ, ಪಾಯಿಂಟಿನ ಮುಂದಿನ ಇಪ್ಪತ್ತೆರಡನ್ನು ಅರುವತ್ತರಿಂದ ತಮ್ಮ ಕೈಯಾರೆ ಗುಣಿಸಿದರು. ಹದಿಮೂರು ಬಂತು, ಮೇಲೊಂದಿಷ್ಟು. ಮತ್ತೊಮ್ಮೆ ಗುಣಿಸಿದರು. ನಂತರ ಬರೆದು, ಸಹಿ ಹಾಕಿ, ಮೊದಲಿನ ಹಾಳೆಯನ್ನು ನಾಲ್ಕಾಗಿ ಹರಿದರು.

"ನೀವೂ ಸಹಿ ಹಾಕಿ," ಎಂದು ಪೆನ್ನನ್ನು ಸೆಲೀನಳತ್ತ ಚಾಚಿದರು.

ಅವಳು ಮೊದಲು ನಕ್ಷೆಯ ಮೇಲೆ ತಾಳೆ ನೋಡಿದಳು. ಬಂಡೆ ಕಾಪುವಿನಲ್ಲೇ ಇತ್ತು.